ಅಟ್ಟದಿಂದ ಇಳಿದ ಗೇಮ್ ಕನ್ಸೋಲ್: ದೋಷ ಯಂತ್ರದ್ದೇ, ಟಿವಿಯದ್ದೇ, ನೆನಪಿನದ್ದೇ?

ಪ್ರಶ್ನೆ: ನನಗೀಗ 43 ವರ್ಷ. ಚಿಕ್ಕಂದಿನಲ್ಲಿ ನಾನು ಮತ್ತು ಅಣ್ಣ ಆಡುತ್ತಿದ್ದ ಸೂಪರ್ ನಿಂಟೆಂಡೊ ಕಳೆದ ತಿಂಗಳು ಅಟ್ಟದ ಮೇಲೆ ಸಿಕ್ಕಿತು. ಜೊತೆಗೆ ಎರಡು ಕಂಟ್ರೋಲರ್‌ಗಳು ಮತ್ತು ಸೂಪರ್ ಮಾರಿಯೊ ವರ್ಲ್ಡ್, ಸೂಪರ್ ಮಾರಿಯೊ ಕಾರ್ಟ್, ಜೆಲ್ಡಾ ಎಂಬ ಮೂರು ಆಟಗಳ ಕಾರ್ಟ್ರಿಜ್‌ಗಳಿದ್ದವು. ಹಳೆಯ ವೈರಿನಿಂದಲೇ ಈಗಿನ ದೊಡ್ಡ ಎಲ್‌ಇಡಿ ಟಿವಿಗೆ ಜೋಡಿಸಿದಾಗ ಯಂತ್ರ ಚಾಲೂ ಆಯಿತು. ಆದರೆ ಚಿತ್ರ ಕಲಸಿದಂತಿದೆ, ನಾನು ಬಟನ್ ಒತ್ತಿದ ಒಂದು ಗಳಿಗೆಯ ಮೇಲೆ ಮಾರಿಯೊ ಹಾರುತ್ತಾನೆ. ಕಣ್ಣು ಮುಚ್ಚಿ ದಾಟುತ್ತಿದ್ದ ಹೊಂಡಗಳಿಗೆ ನಾಲ್ಕು ಬಾರಿ ಬಿದ್ದೆ. 11 ವರ್ಷದ ಮಗ ಎರಡು ನಿಮಿಷ ಆಡಿ, ‘ಅಮ್ಮಾ, ಇದು ತಡವಾಗಿ ಹಾರತ್ತೆ’ ಎಂದು ಕಂಟ್ರೋಲರ್ ಕೆಳಗಿಟ್ಟ. ಆ ಆಟದ ಎಲ್ಲ ದಾರಿಗಳನ್ನೂ ಪತ್ತೆಹಚ್ಚಿದವರಿಗೆ ಕಾಣುವ 96 ಎಂಬ ಅಂಕಿಯನ್ನು ಅಣ್ಣ ಹಟ ಹಿಡಿದು ಗಳಿಸಿದ್ದ, ಅದೂ ಅಳಿಸಿಹೋಗಿದೆ. ಉಳಿದೆರಡು ಕಾರ್ಟ್ರಿಜ್‌ಗಳನ್ನು ಹಾಕಿ ನೋಡುವ ಧೈರ್ಯ ಇನ್ನೂ ಬಂದಿಲ್ಲ. ಯಂತ್ರದ ಕೆಳಭಾಗವೆಲ್ಲ ಹಳದಿಗಟ್ಟಿದೆ. ಹಳೆಯ ಕನ್ಸೋಲ್‌ಗಳಿಗೆ ಸಾವಿಲ್ಲ, ಕಾರ್ಟ್ರಿಜ್ ಊದಿ ಹಾಕಿ ಎಂದು ಕೆಲವರು ಹೇಳಿದರೆ, ಅವು ಎಂದೂ ಚೆನ್ನಾಗಿರಲಿಲ್ಲ, ಎಲ್ಲವೂ ಬಾಲ್ಯದ ಭ್ರಮೆ ಎಂದು ಇನ್ನು ಕೆಲವರು ಹೇಳುತ್ತಾರೆ. ಮೂರು ತಿಂಗಳಲ್ಲಿ ಅಣ್ಣ ಬರುತ್ತಾನೆ. ರಿಪೇರಿ ಮಾಡಿಸಲೇ, ಮಾರಿಬಿಡಲೇ, ಹಳೆಯ ಆಟಗಳನ್ನು ಒಳಗೇ ತುಂಬಿಟ್ಟ ಮಿನಿ ಕನ್ಸೋಲ್ ಕೊಳ್ಳಲೇ? ಇಷ್ಟಕ್ಕೂ ಜನ ಇಂಥ ಯಂತ್ರಗಳನ್ನು ಇಷ್ಟೊಂದು ಹಚ್ಚಿಕೊಳ್ಳುವುದೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಯಂತ್ರ ಕೆಟ್ಟಿದೆಯೇ ಎಂಬುದು ಒಂದು, ನೀವು ನೆನೆಯುವಷ್ಟು ಚೆನ್ನಾಗಿ ಅದು ಎಂದಾದರೂ ಇತ್ತೇ ಎಂಬುದು ಇನ್ನೊಂದು, ಅಣ್ಣ ಬರುವುದರೊಳಗೆ ಮಾಡಬೇಕಾದ್ದೇನು ಎಂಬುದು ಮತ್ತೊಂದು. ಕನ್ಸೋಲ್ ರಿಪೇರಿಯಲ್ಲಿ 22 ವರ್ಷ ಕಳೆದಿದ್ದೇನೆ. ನನ್ನ ಮೇಜಿಗೆ ಬರುವ ಹಳೆಯ ಯಂತ್ರಗಳಲ್ಲಿ ಬಹುಪಾಲು ಇವೇ ಚಿಂತೆಗಳನ್ನು ಹೊತ್ತು ಬರುತ್ತವೆ. ತಂದವರು ಮೊದಲು ಹೇಳುವುದು ‘ಆನ್ ಆಗುತ್ತಿಲ್ಲ’ ಎಂದು. ಸ್ವಲ್ಪ ಹೊತ್ತು ಕುಳಿತ ಮೇಲೆ ‘ಮೊದಲಿನ ಹಾಗಿಲ್ಲ’ ಎನ್ನುತ್ತಾರೆ. ಈ ಎರಡನೆಯ ದೂರಿಗೆ ಬೆಸುಗೆ ಕಡ್ಡಿಯೊಂದರಿಂದಲೇ ಪರಿಹಾರ ಸಿಗುವುದಿಲ್ಲ.

ನಿಮ್ಮ ಮಗನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಪತ್ರದಲ್ಲಿರುವ ಅತ್ಯಂತ ನಂಬಲರ್ಹ ಸಾಕ್ಷಿ ಅವನೇ. ಅವನಿಗೆ ಈ ಯಂತ್ರದ ಬಗ್ಗೆ ಯಾವ ಹಳೆಯ ನೆನಪೂ ಇಲ್ಲ, ಹಾಗಾಗಿ ಹೋಲಿಸಿ ನಿರಾಶನಾಗುವ ಪ್ರಶ್ನೆಯೂ ಇಲ್ಲ. ಆಟ ಹಳೆಯದು, ಚಿತ್ರ ಸರಳ, ಬೇಸರ ಎಂದು ಅವನು ಹೇಳಬಹುದಿತ್ತು. ಹಾಗೆ ಹೇಳದೆ ತಡವಾಗಿ ಹಾರುತ್ತದೆ ಎಂದ. ನೀವಿಬ್ಬರೂ ಬೇರೆ ಬೇರೆಯಾಗಿ ಒಂದೇ ದೋಷವನ್ನು ಗುರುತಿಸಿರುವಾಗ ಅದು ಭ್ರಮೆಯಲ್ಲ, ಅಳೆಯಬಹುದಾದ ಭೌತಿಕ ವಿಳಂಬ. ಅದರ ಮೂಲ ನಿಮ್ಮ ಕನ್ಸೋಲ್‌ನಲ್ಲಿಲ್ಲ, ಬಹುಮಟ್ಟಿಗೆ ಟಿವಿಯಲ್ಲಿದೆ.

ನೀವು ಬಾಲ್ಯದಲ್ಲಿ ಆಡಿದ ಪಿಕ್ಚರ್ ಟ್ಯೂಬ್ ಟಿವಿಗೆ ಚಿತ್ರವನ್ನು ಕೂಡಿಟ್ಟುಕೊಳ್ಳುವ ಸ್ಮೃತಿ ಎಂಬುದೇ ಇರಲಿಲ್ಲ. ಕನ್ಸೋಲ್‌ನಿಂದ ಸಂಕೇತ ಹೊರಟ ಗಳಿಗೆಯಲ್ಲೇ ಎಲೆಕ್ಟ್ರಾನ್ ಕಿರಣ ಅದನ್ನು ಗೆರೆಗೆರೆಯಾಗಿ ಪರದೆಯ ಮೇಲೆ ಬರೆದುಬಿಡುತ್ತಿತ್ತು. ಈಗಿನ ಟಿವಿ ಹಾಗಲ್ಲ. ಬಂದದ್ದನ್ನು ಮೊದಲು ಕೂಡಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ಇದರ ಮೇಲೆ ಹಳೆಯ ಕನ್ಸೋಲ್‌ಗಳದೇ ಆದ ಇನ್ನೊಂದು ತೊಡಕಿದೆ. ಆ ಕಾಲದ ಟಿವಿ ಪ್ರಸಾರದಲ್ಲಿ ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ಬರುತ್ತಿತ್ತು: ಒಮ್ಮೆ ಬೆಸ ಗೆರೆಗಳು, ಮರುಬಾರಿ ಸರಿ ಗೆರೆಗಳು. ಕನ್ಸೋಲ್ ತಯಾರಕರು ಆ ಗೊಡವೆಗೆ ಹೋಗದೆ ಪ್ರತಿ ಬಾರಿಯೂ ಅದೇ ಗೆರೆಗಳ ಮೇಲೆ ಒಂದು ಪೂರ್ಣ ಚಿತ್ರವನ್ನೇ ಬರೆಸಿದರು. ನಿಮ್ಮ ಯಂತ್ರದಲ್ಲಿ ಸಾಮಾನ್ಯವಾಗಿ 256 ಪಿಕ್ಸೆಲ್ ಅಗಲ, 224 ಗೆರೆಗಳಷ್ಟು ಎತ್ತರ. ಇಂದಿನ ಅನೇಕ ಟಿವಿಗಳು ಈ ಜಾಣ್ಮೆಯನ್ನು ಗುರುತಿಸಲಾರದೆ, ಬಂದದ್ದು ಅರ್ಧ ಚಿತ್ರವೆಂದೇ ಬಗೆದು, ಇಲ್ಲದ ಇನ್ನರ್ಧಕ್ಕಾಗಿ ಕಾದು, ಎರಡು ಬೇರೆ ಬೇರೆ ಚಿತ್ರಗಳನ್ನು ಹೆಣೆಯಲು ಹೋಗುತ್ತವೆ. ಕಲಸಿದಂತೆ ಕಾಣುವುದೂ ತಡವಾಗುವುದೂ ಬಹುತೇಕ ಇಲ್ಲಿಂದಲೇ.

ಎಷ್ಟು ತಡ ಎಂದರೆ, ಚಿತ್ರವನ್ನು ಚೆಂದಗಾಣಿಸುವ ಎಲ್ಲ ಸೌಲಭ್ಯಗಳೂ ಚಾಲೂ ಇರುವ ಟಿವಿಯಲ್ಲಿ 100 ಮಿಲಿಸೆಕೆಂಡಿನ ಆಸುಪಾಸು ವಿಳಂಬ ಅಪರೂಪವೇನಲ್ಲ. ಸೆಕೆಂಡಿಗೆ 60 ಫ್ರೇಮ್ (ಬಿಡಿಚಿತ್ರ) ಲೆಕ್ಕದಲ್ಲಿ ಇದು ಆರು ಫ್ರೇಮ್‌ಗಳಾಯಿತು. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ಸೂಪರ್ ಮಾರಿಯೊ ವರ್ಲ್ಡ್‌ನಲ್ಲಿ ಪೂರ್ಣ ವೇಗದಲ್ಲಿ ಓಡುವ ಮಾರಿಯೊ ಒಂದು ಫ್ರೇಮಿಗೆ ಸುಮಾರು ಮೂರು ಪಿಕ್ಸೆಲ್ ಮುಂದೆ ಸಾಗುತ್ತಾನೆ. ಆರು ಫ್ರೇಮ್ ಕಳೆಯುವಷ್ಟರಲ್ಲಿ 18 ಪಿಕ್ಸೆಲ್. ಆ ಆಟದ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಹೊಂಡದ ಅಂಚಿನಲ್ಲಿ ನಿಮ್ಮ ಬೆರಳು ಹಳೆಯ ಅಭ್ಯಾಸದಂತೆ ಸರಿಯಾದ ಕ್ಷಣಕ್ಕೇ ಒತ್ತುತ್ತದೆ, ಆದರೆ ಪರದೆಯ ಮೇಲೆ ನೀವು ಕಾಣುತ್ತಿರುವ ಮಾರಿಯೊ ಒಂದು ಇಟ್ಟಿಗೆಯಷ್ಟು ಹಳೆಯವನು. ನಿಜವಾದ ಮಾರಿಯೊ ಆಗಲೇ ಹೊಂಡದ ಮೇಲಿದ್ದಾನೆ. 30 ವರ್ಷಗಳ ನಂತರವೂ ನಿಮ್ಮ ಬೆರಳಿನ ಲೆಕ್ಕ ತಪ್ಪಿಲ್ಲ ಎಂಬುದಕ್ಕೆ ಆ ನಾಲ್ಕು ಬೀಳುಗಳೇ ಪುರಾವೆ ಎನ್ನಬಹುದು.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಅಳೆಯಬಹುದು. ಸೆಕೆಂಡಿಗೆ 240 ಫ್ರೇಮ್ ಸೆರೆಹಿಡಿಯುವ ಸ್ಲೋ ಮೋಷನ್ ಸೌಲಭ್ಯ ಫೋನಿನಲ್ಲಿದ್ದರೆ, ಕಂಟ್ರೋಲರ್ ಮತ್ತು ಪರದೆ ಎರಡೂ ಕಾಣುವಂತೆ ಫೋನನ್ನು ನಿಲ್ಲಿಸಿ ಮಾರಿಯೊನನ್ನು ಹತ್ತು ಬಾರಿ ಹಾರಿಸಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತ, ಬಟನ್ ತಳಮುಟ್ಟಿದ ಕ್ಷಣದಿಂದ ಮಾರಿಯೊನ ಕಾಲು ನೆಲ ಬಿಡುವವರೆಗೆ ಎಣಿಸಿ. ಒಂದೊಂದು ಫ್ರೇಮಿಗೂ ಸುಮಾರು 4 ಮಿಲಿಸೆಕೆಂಡ್. ಅದರಲ್ಲಿ ಆಟದ್ದೇ ಆದ ಎರಡು ಮೂರು ಫ್ರೇಮ್ (ವಿಡಿಯೊದ ಎಣಿಕೆಯಲ್ಲಿ ಎಂಟರಿಂದ ಹನ್ನೆರಡು) ವಿಳಂಬ ಟ್ಯೂಬ್ ಟಿವಿಯಲ್ಲೂ ಇದ್ದೇ ಇತ್ತು. ಚಿತ್ರ ತಿದ್ದುವ ಕೆಲಸವನ್ನು ಕಡಿಮೆ ಮಾಡುವ ಟಿವಿಯ ಗೇಮ್ ಮೋಡ್ ಹಾಕಿ ಮತ್ತೊಮ್ಮೆ ಎಣಿಸಿ. ಎಷ್ಟು ಇಳಿಯಿತು ಎಂಬುದರ ಮೇಲೆ ಮುಂದಿನ ಖರ್ಚನ್ನು ನಿರ್ಧರಿಸಬಹುದು.

ಯಂತ್ರ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಬಾರಿ ಚಿತ್ರ ಬರೆಯುವ ಮಾದರಿಯದ್ದಾಗಿದ್ದರೆ ಇನ್ನೊಂದು ಸಂಗತಿ ಸೇರುತ್ತದೆ. 60 ಹರ್ಟ್ಸ್‌ಗೆಂದು ಬರೆದ ಅನೇಕ ಆಟಗಳು ಅದರಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತಿದ್ದವು, ಸಂಗೀತವೂ ಎಳೆದಂತೆ ಕೇಳುತ್ತಿತ್ತು. ಆ ನಿಧಾನ ಆಗಲೂ ಇತ್ತು. ಹೋಲಿಸಲು ಬೇರೊಂದಿಲ್ಲದ ಕಾರಣ ಯಾರಿಗೂ ತಿಳಿಯಲಿಲ್ಲ, ಅಷ್ಟೆ.

ಚಿತ್ರದ ವಿಷಯಕ್ಕೆ ಬಂದರೆ, ಇಲ್ಲಿ ಎರಡು ಪಕ್ಷದವರೂ ಅರ್ಧ ಸತ್ಯ ಹೇಳುತ್ತಾರೆ. ಹಳದಿ ಪಿನ್ನಿನ ವೈರು ಬೆಳಕಿನ ಮತ್ತು ಬಣ್ಣದ ಸಂಕೇತಗಳನ್ನು ಒಂದೇ ತಂತಿಯಲ್ಲಿ ಬೆರೆಸಿ ಕಳಿಸುವುದರಿಂದ ಚಿತ್ರದ ಅಂಚುಗಳು ಆ ದಿನಗಳಲ್ಲೂ ಮಸುಕಾಗಿದ್ದವು ಎಂಬುದು ನಿಜ. ಆದರೆ ಚಿತ್ರ ಬರೆದವರು ಆ ಮಸುಕನ್ನು ತಿಳಿದೇ ಬರೆದರು ಎಂಬುದೂ ಅಷ್ಟೇ ನಿಜ. ಎದುರಾಳಿ ಕಂಪನಿ ಸೆಗಾದ ಮೆಗಾ ಡ್ರೈವ್ ಕನ್ಸೋಲ್‌ನಲ್ಲಿ 1991ರ ಸಾನಿಕ್ ಆಟದ ಜಲಪಾತವನ್ನು ಇಂದಿನ ಚೊಕ್ಕ ಪರದೆಯಲ್ಲಿ ನೋಡಿದರೆ ನೀರು ಕಾಣುವುದಿಲ್ಲ, ಬಾಚಣಿಗೆಯ ಹಲ್ಲುಗಳಂತೆ ಒಂದು ಬಿಟ್ಟು ಒಂದು ನಿಂತ ಗೆರೆಗಳು ಕಾಣುತ್ತವೆ. ಹಳೆಯ ವೈರು ಮತ್ತು ಟ್ಯೂಬ್ ಸೇರಿ ಆ ಗೆರೆಗಳನ್ನು ಕಲಸಿದಾಗ, ಯಂತ್ರದಲ್ಲಿ ಇಲ್ಲವೇ ಇಲ್ಲದ ಅರೆಪಾರದರ್ಶಕತೆ ಹುಟ್ಟುತ್ತಿತ್ತು, ಹಿಂದಿನ ಬಂಡೆ ನೀರಿನ ಮೂಲಕ ಹಾದು ಕಾಣುತ್ತಿತ್ತು. ಟಿವಿಯ ಕೊರತೆಯೇ ಅಲ್ಲಿ ಕುಂಚದ ಕೆಲಸ ಮಾಡಿತು. ಆದ್ದರಿಂದ ‘ಆಗ ಚೆನ್ನಾಗಿ ಕಾಣುತ್ತಿತ್ತು’ ಎಂಬ ನಿಮ್ಮ ನೆನಪು ಸುಳ್ಳಲ್ಲ. ನೀವು ಕಂಡ ಚಿತ್ರ ಕನ್ಸೋಲ್‌ನೊಳಗೆ ಪೂರ್ಣವಾಗಿ ಇರಲಿಲ್ಲ; ಅದು ಕನ್ಸೋಲ್ ಮತ್ತು ಟಿವಿ ಕೂಡಿ ಮಾಡಿದ ಚಿತ್ರ, ಮತ್ತು ಆ ಜೋಡಿಯಲ್ಲಿ ಒಂದು ಮಾತ್ರ ನಿಮ್ಮ ಅಟ್ಟದಲ್ಲಿ ಉಳಿದಿತ್ತು.

ಇನ್ನು ಜನ ಏಕೆ ಹಚ್ಚಿಕೊಳ್ಳುತ್ತಾರೆ ಎಂಬ ಪ್ರಶ್ನೆ. ಶಕ್ತಿಶಾಲಿ ಯಂತ್ರವೇ ಜನಪ್ರಿಯ ಯಂತ್ರ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು, ಏಕೆಂದರೆ ಈ ಉದ್ಯಮದ ಇತಿಹಾಸ ಅದಕ್ಕೆ ತದ್ವಿರುದ್ಧವಾಗಿದೆ. ನಿಂಟೆಂಡೊದ ಅಂಗೈ ಕನ್ಸೋಲ್ ಆದ 1989ರ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ, ಪರದೆಗೆ ಬೆಳಕಿರಲಿಲ್ಲ, ಹಸಿರು ಛಾಯೆಯ ನಾಲ್ಕು ಮಟ್ಟಗಳಷ್ಟೇ ಇದ್ದವು. ಅದೇ ವರ್ಷ ಅಟಾರಿಯ ಲಿಂಕ್ಸ್, ಮರುವರ್ಷ ಸೆಗಾದ ಗೇಮ್ ಗಿಯರ್ ಬೆಳಕಿರುವ ಬಣ್ಣದ ಪರದೆಯೊಂದಿಗೆ ಬಂದವು. ಎರಡೂ ಆರಾರು ಪೆನ್‌ಸಿಲ್ ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿದ್ದವು. ನಾಲ್ಕು ಬ್ಯಾಟರಿಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ಓಡುವ ಗೇಮ್ ಬಾಯ್ ಪ್ರಯಾಣದುದ್ದಕ್ಕೂ ಜೊತೆಗಿರುತ್ತಿತ್ತು. ಅದರ ಹಿಂದಿದ್ದ ನಿಂಟೆಂಡೊದ ವಿನ್ಯಾಸಕಾರ ಗುನ್‌ಪೇ ಯೊಕೊಯಿ ಅವರ ಚಿಂತನೆಯೇ ಹಾಗಿತ್ತು: ಹಳತಾಗಿ ಅಗ್ಗವಾದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸುವುದು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಗೇಮ್ ಬಾಯ್ ಕಲರ್ ಸೇರಿ 11.8 ಕೋಟಿಗೂ ಹೆಚ್ಚು ಮಾರಾಟವಾದವು. 2000ದ ಪ್ಲೇಸ್ಟೇಷನ್ 2 ಕೂಡ ತನ್ನ ಎದುರಾಳಿಗಳಾದ ಎಕ್ಸ್‌ಬಾಕ್ಸ್ ಮತ್ತು ಗೇಮ್‌ಕ್ಯೂಬ್‌ಗಳಿಗಿಂತ ಗಣನಾಶಕ್ತಿಯಲ್ಲಿ ಹಿಂದಿತ್ತು. ಆದರೆ ಅದು ಡಿವಿಡಿ ಸಿನಿಮಾ ತೋರಿಸುತ್ತಿತ್ತು, ಹಿಂದಿನ ಪ್ಲೇಸ್ಟೇಷನ್‌ನ ಡಿಸ್ಕ್‌ಗಳನ್ನೂ ಓದುತ್ತಿತ್ತು. ಆಟ ಬೇಡವೆನ್ನುವ ದೊಡ್ಡವರಿಗೂ ಅದನ್ನು ಮನೆಗೆ ತರಲು ಒಂದು ನೆಪ ಸಿಗುತ್ತಿತ್ತು. 15.5 ಕೋಟಿಗೂ ಹೆಚ್ಚು ಮಾರಾಟವಾಗಿ ಅದು ದಾಖಲೆ ಬರೆಯಿತು. ಮಾರಾಟವೊಂದೇ ಪ್ರೀತಿಯ ಅಳತೆ ಎನ್ನುವಂತೆಯೂ ಇಲ್ಲ. ಸೆಗಾದ ಡ್ರೀಮ್‌ಕಾಸ್ಟ್ 1998ರಲ್ಲಿ ಬಂದು 2001ರಲ್ಲೇ ನಿಂತುಹೋಯಿತು, 90 ಲಕ್ಷದ ಆಸುಪಾಸು ಮಾತ್ರ ಮಾರಾಟವಾಯಿತು. ಆದರೂ ಅದನ್ನು ರಿಪೇರಿಗೆ ತರುವವರಷ್ಟು ಜತನದಿಂದ ಬಟ್ಟೆಯಲ್ಲಿ ಸುತ್ತಿ ತರುವವರನ್ನು ನಾನು ಬೇರೆ ಕಂಡಿಲ್ಲ.

ನನ್ನ ಅನುಭವದಲ್ಲಿ ಪ್ರೀತಿಯ ಮೊದಲ ಕಾರಣ ಕೈಯಲ್ಲಿದೆ. ನಿಮ್ಮ ಕಂಟ್ರೋಲರನ್ನು ಕಣ್ಣು ಮುಚ್ಚಿ ಹಿಡಿದು ನೋಡಿ. ನಾಲ್ಕು ಮುಖ್ಯ ಬಟನ್‌ಗಳು ಹೆಬ್ಬೆರಳಿನ ಕೆಳಗೆ ವಜ್ರಾಕೃತಿಯಲ್ಲಿ ಕೂತಿವೆ. ಹೆಬ್ಬೆರಳಿನ ತುದಿ ಓಡುವ ಬಟನ್ ಅನ್ನು ಒತ್ತಿಹಿಡಿದಿರುವಾಗಲೇ ಅದರ ಗೆಣ್ಣು ಹಾರುವ ಬಟನ್ ಮೇಲೆ ಹೊರಳುತ್ತದೆ. ತೋರುಬೆರಳುಗಳಿಗೆಂದು ಭುಜದ ಬಟನ್‌ಗಳು ಬಂದದ್ದೂ ಈ ಕಂಟ್ರೋಲರ್‌ನಿಂದಲೇ, ಮತ್ತು ಆ ವಿನ್ಯಾಸ ಇಂದಿನ ಬಹುತೇಕ ಎಲ್ಲ ಕಂಟ್ರೋಲರ್‌ಗಳಲ್ಲೂ ಉಳಿದಿದೆ. ಎರಡನೆಯದು ತಕ್ಷಣತೆ. ಕಾರ್ಟ್ರಿಜ್‌ನೊಳಗಿನ ಚಿಪ್ ಯಂತ್ರದ ಸ್ವಂತ ಸ್ಮೃತಿಯಂತೆಯೇ ಪ್ರೊಸೆಸರ್‌ಗೆ ನೇರವಾಗಿ ಜೋಡಣೆಯಾಗುವುದರಿಂದ ಸ್ವಿಚ್ ಒತ್ತಿದೊಡನೆ ಆಟ ಎದುರಿಗಿರುತ್ತಿತ್ತು. ಅಪ್‌ಡೇಟ್ ಇಲ್ಲ, ಲಾಗಿನ್ ಇಲ್ಲ. ಅಷ್ಟೇ ಅಲ್ಲ, ಕಾರ್ಟ್ರಿಜ್‌ನೊಳಗೆ ಹೆಚ್ಚುವರಿ ಚಿಪ್ ಇಟ್ಟು ಯಂತ್ರದ ಶಕ್ತಿಯನ್ನೇ ಹೆಚ್ಚಿಸಬಹುದಿತ್ತು. 1993ರ ಸ್ಟಾರ್ ಫಾಕ್ಸ್ ಆಟದೊಳಗಿನ ಸೂಪರ್ ಎಫ್‌ಎಕ್ಸ್ ಚಿಪ್ ಮೂರು ಆಯಾಮದ ಲೆಕ್ಕಗಳನ್ನು ಮಾಡಿದ್ದು ಹೀಗೆ.

ಮೂರನೆಯದು, ಕೊರತೆಗಳೇ ಕೊಟ್ಟ ಸ್ವಂತಿಕೆ. ನಿಮ್ಮ ಯಂತ್ರದ ಧ್ವನಿ ವಿಭಾಗ ಸೋನಿಯಲ್ಲಿದ್ದ ಕೆನ್ ಕುಟರಾಗಿ ಅವರ ಕೆಲಸ. ಮುಂದೆ ಪ್ಲೇಸ್ಟೇಷನ್ ಕಟ್ಟಿ ನಿಂಟೆಂಡೊಗೆ ಎದುರಾಳಿಯಾದವರೂ ಅವರೇ. ಆ ವಿಭಾಗಕ್ಕೆ ಎಂಟು ವಾಹಿನಿಗಳಿದ್ದವು, ಸ್ಮೃತಿ ಬರೀ 64 ಕಿಲೋಬೈಟ್. ವಾದ್ಯಗಳ ಧ್ವನಿಮಾದರಿ, ಸ್ವರಲಿಪಿ ಎಲ್ಲವೂ ಅದರಲ್ಲೇ ಹಿಡಿಯಬೇಕಿದ್ದರಿಂದ ಸಂಗೀತಗಾರರು ಪಿಟೀಲಿನ ಒಂದು ಚೂರು ನಾದವನ್ನು ಕತ್ತರಿಸಿ, ಕುಗ್ಗಿಸಿ, ಅದನ್ನೇ ಸುತ್ತಿ ಸುತ್ತಿ ನುಡಿಸಿದರು. ಚಿಪ್ ಆ ಚೂರುಗಳ ಒರಟು ಅಂಚುಗಳನ್ನು ಸವರಿ ನುಣುಪಾಗಿಸುತ್ತಿದ್ದ ಕಾರಣ ಕಂಬಳಿ ಹೊದ್ದಂಥ ಒಂದು ಬೆಚ್ಚನೆಯ ನಾದ ಹುಟ್ಟಿತು. ಮೆಗಾ ಡ್ರೈವ್‌ನದು ಇದಕ್ಕೆ ವಿರುದ್ಧ ಸ್ವಭಾವ. ಅದರ ಯಮಾಹಾ ಚಿಪ್ ನಾದವನ್ನು ಲೆಕ್ಕದಿಂದಲೇ ಹುಟ್ಟಿಸುತ್ತಿತ್ತು, ಹಾಗಾಗಿ ಧ್ವನಿ ಲೋಹದಂತೆ ಖಣಖಣಿಸುತ್ತಿತ್ತು. ಎರಡನ್ನೂ ಆಡಿದವರು ಪಕ್ಕದ ಕೋಣೆಯಿಂದ ಎರಡು ಸೆಕೆಂಡ್ ಕೇಳಿಯೇ ಯಾವ ಯಂತ್ರವೆಂದು ಹೇಳಬಲ್ಲರು. ಇಂದಿನ ಯಂತ್ರಗಳು ಯಾವ ಧ್ವನಿಯನ್ನಾದರೂ ನುಡಿಸಬಲ್ಲವು. ಅದಕ್ಕೇ ಯಾವುದಕ್ಕೂ ತನ್ನದೆಂಬ ಕಂಠವಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪಲೇಬೇಕೆಂದೇನೂ ಇಲ್ಲ.

ಇಷ್ಟು ಹೇಳಿದ ಮೇಲೂ ಭ್ರಮೆ ಎನ್ನುವವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಉಳಿದೆಲ್ಲ ವಯಸ್ಸಿನವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ನನ್ನ ಬಳಿ ಬರುವವರ ವಯಸ್ಸು ಗೊತ್ತಾದರೆ ಚೀಲದೊಳಗಿರುವ ಕನ್ಸೋಲ್ ಯಾವುದೆಂದು ಹತ್ತರಲ್ಲಿ ಎಂಟು ಬಾರಿ ಸರಿಯಾಗಿ ಊಹಿಸಬಲ್ಲೆ. ಇದರ ಜೊತೆಗೆ, ಮೂರೇ ಆಟಗಳಿದ್ದವರು ಆ ಮೂರನ್ನೂ ನೂರಾರು ಗಂಟೆ ಆಡಿರುತ್ತಾರೆ, ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. 1996ರ ನಿಂಟೆಂಡೊ 64ಕ್ಕೆ ನಾಲ್ಕು ಕಂಟ್ರೋಲರ್ ಕಿಂಡಿಗಳನ್ನು ಯಂತ್ರದಲ್ಲೇ ಕೊಟ್ಟದ್ದು ಅದರ ಪ್ರೊಸೆಸರ್‌ಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿದೆ. ಅದನ್ನು ಬಹಳ ಆಡಿದವರ ಕಂಟ್ರೋಲರ್ ಬಿಚ್ಚಿದರೆ ಹೆಬ್ಬೆರಳಿನಿಂದ ವಾಲಿಸುವ ಕಡ್ಡಿಯ ಬುಡದ ಬಟ್ಟಲಿನಲ್ಲಿ ಗಂಧದ ಪುಡಿಯಂಥ ಬಿಳಿಯ ಧೂಳು ಸಿಗುತ್ತದೆ. ಅದು ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಉಜ್ಜಿ ಉದುರಿದ ಪುಡಿ. ಎಷ್ಟು ಆಡಿದ್ದಾರೆಂದು ಅದನ್ನು ನೋಡಿದರೇ ಸಾಕು, ಕೇಳಬೇಕಾಗಿಲ್ಲ.

ಈಗ ಯಂತ್ರದ ಆರೋಗ್ಯ. ಹಳೆಯ ಕನ್ಸೋಲ್‌ಗಳಿಗೆ ಸಾವಿಲ್ಲ ಎಂಬುದು ಬದುಕಿದವನ್ನಷ್ಟೇ ನೋಡಿ ಹೇಳುವ ಮಾತು; ಸತ್ತವು ಎಂದೋ ಕಸಕ್ಕೆ ಹೋಗಿವೆ. ಕಾರ್ಟ್ರಿಜ್ ಯಂತ್ರಗಳಲ್ಲಿ ತಿರುಗುವ ಭಾಗಗಳಿಲ್ಲದ ಕಾರಣ ಅವು ಡಿಸ್ಕ್ ಯಂತ್ರಗಳಿಗಿಂತ ಹೆಚ್ಚು ಬಾಳುತ್ತವೆ ಎಂಬುದು ದಿಟ. ಮೊದಲ ಪ್ಲೇಸ್ಟೇಷನ್‌ನ ಆರಂಭದ ಮಾದರಿಗಳಲ್ಲಿ ಲೇಸರ್ ಸರಿಯುವ ಪ್ಲಾಸ್ಟಿಕ್ ಹಳಿ ಸವೆದು, ಯಂತ್ರವನ್ನು ತಲೆಕೆಳಗಾಗಿ ಇಟ್ಟು ಆಡಿದವರು ಜಗತ್ತಿನ ಎಲ್ಲೆಡೆ ಇದ್ದರು. ಆದರೆ ವಿದ್ಯುತ್ ಏರಿಳಿತವನ್ನು ಸಮ ಮಾಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಎಲ್ಲ ಯಂತ್ರಗಳಲ್ಲೂ ಇವೆ. ಅವುಗಳೊಳಗಿನ ದ್ರವ ಆರುತ್ತದೆ ಇಲ್ಲವೇ ಸೋರುತ್ತದೆ. ಮೊದಲ ಎಕ್ಸ್‌ಬಾಕ್ಸ್‌ನ ಬಹುತೇಕ ಮಾದರಿಗಳಲ್ಲಿ ಗಡಿಯಾರಕ್ಕಾಗಿ ಇಟ್ಟ ಕೆಪಾಸಿಟರ್ ಸೋರಿ ತಾಯಿಹಲಗೆಯ ತಾಮ್ರದ ಗೆರೆಗಳನ್ನೇ ತಿಂದುಹಾಕುವುದುಂಟು, ಅದನ್ನು ಮೊದಲೇ ತೆಗೆಸುವುದು ಕ್ಷೇಮ. ನಿಮ್ಮ ಯಂತ್ರ ಚಾಲೂ ಆಗುತ್ತಿದೆ, ಧ್ವನಿಯೂ ಸರಿಯಿದೆ ಎಂದರೆ ಕೆಪಾಸಿಟರ್ ಬದಲಾವಣೆ ತುರ್ತಲ್ಲ. ಚಿತ್ರದಲ್ಲಿ ಅಡ್ಡಪಟ್ಟೆಗಳು ತೇಲಿದರೆ, ಗುಂಯ್‌ಗುಡುವಿಕೆ ಕೇಳಿದರೆ ಆಗ ಯೋಚಿಸಿ. ಅಡಾಪ್ಟರ್ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬೇಡಿ. ಇದೇ ಯಂತ್ರದ ಬೇರೆ ಬೇರೆ ಪ್ರದೇಶಗಳ ಮಾದರಿಗಳು ಎಸಿ, ಡಿಸಿ ಎಂದು ಬೇರೆ ಬೇರೆ ವಿದ್ಯುತ್ ಬೇಡುತ್ತವೆ. ಪಿನ್ ಹಿಡಿಯಿತೆಂದು ಸಿಕ್ಕಿದ್ದನ್ನು ಚುಚ್ಚಿದರೆ ಮೂವತ್ತು ವರ್ಷ ಬಾಳಿದ್ದು ಒಂದು ಸೆಕೆಂಡಿನಲ್ಲಿ ಸುಡಬಹುದು.

ಊದುವುದು ಬೇಡವೇ ಬೇಡ. ಊದಿ ಹಾಕಿದಾಗ ಆಟ ಬರುತ್ತಿದ್ದುದಕ್ಕೆ ಕಾರಣ ಉಸಿರಲ್ಲ, ಕಾರ್ಟ್ರಿಜ್ಜನ್ನು ತೆಗೆದು ಮತ್ತೆ ಒತ್ತಿದ್ದು. ಆ ಉಜ್ಜುವಿಕೆಯಿಂದ ಲೋಹದ ಮೇಲಿನ ಪೊರೆ ಸ್ವಲ್ಪ ಹರಿದು ಸಂಪರ್ಕ ಕೂಡುತ್ತಿತ್ತು. ಉಸಿರಿನ ತೇವ ಹೊಸ ಕಿಲುಬಿಗೆ ದಾರಿಯಾಗುತ್ತದೆ ಅಷ್ಟೆ. ಶೇ. 90ಕ್ಕೂ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಯ ಕಡ್ಡಿಯನ್ನು ಅದ್ದಿ ಕಾರ್ಟ್ರಿಜ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ಒರೆಸಿ. ಮೊದಲ ಕಡ್ಡಿ ಸೀಸದ ಪೆನ್ಸಿಲ್ ತೀಡಿದಂತೆ ಕಪ್ಪಾಗಿ ಬರುತ್ತದೆ, ಎರಡನೆಯದು ಬೂದು. ಬೆಳ್ಳಗೆ ಬರುವವರೆಗೆ ಬದಲಿಸುತ್ತ ಹೋಗಿ, ಪೂರ್ತಿ ಆರಲು ಬಿಡಿ.

ಹಳದಿ ಬಣ್ಣ ಕೊಳೆಯಲ್ಲ, ಸೋಪಿನಿಂದ ಹೋಗುವುದಿಲ್ಲ. ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸಂಯುಕ್ತ ಬೆರೆಸಿದ ಪ್ಲಾಸ್ಟಿಕ್ ಬೆಳಕು, ಶಾಖ, ಗಾಳಿಗೆ ಬಣ್ಣಗೆಡುತ್ತದೆ. ಮೇಲಿನ ಹೊದಿಕೆ ಮತ್ತು ಕೆಳಗಿನ ಹೊದಿಕೆ ಬೇರೆ ಬೇರೆ ಮಿಶ್ರಣದಿಂದ ಬಂದವಾದ್ದರಿಂದ ಒಂದು ಬೂದಾಗಿಯೇ ಉಳಿದು ಇನ್ನೊಂದು ಹಳದಿಯಾಗುವುದು ಈ ಯಂತ್ರದಲ್ಲಿ ತೀರ ಸಾಮಾನ್ಯ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಧಾನವೊಂದಿದೆ. ಕೈ ಸುಡುತ್ತದೆ, ಮೋಡದಂತೆ ಕಲೆ ಬೀಳುತ್ತದೆ, ಕೆಲವು ವರ್ಷಗಳಲ್ಲಿ ಹಳದಿ ಮರಳುವುದೂ ಉಂಟು. ನನ್ನ ಸ್ವಂತ ಯಂತ್ರವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ದಾರಿಗಳನ್ನು ಹೇಳುವುದಾದರೆ, ಮೊದಲನೆಯದಕ್ಕೆ ಖರ್ಚಿಲ್ಲ: ಗೇಮ್ ಮೋಡ್ ಹಾಕಿ, ಚಲನೆಯನ್ನು ನುಣುಪಾಗಿಸುವ ಎಲ್ಲ ಸೌಲಭ್ಯಗಳನ್ನೂ ಬಂದ್ ಮಾಡಿ, ಚಿತ್ರದ ಅನುಪಾತವನ್ನು 4:3ಕ್ಕೆ ತನ್ನಿ. ಇಷ್ಟರಿಂದಲೇ ಸಮಾಧಾನವಾದವರು ಅನೇಕರಿದ್ದಾರೆ. ಆಗದಿದ್ದರೆ ಟಿವಿಗೂ ಕನ್ಸೋಲ್‌ಗೂ ನಡುವೆ ಹಳೆಯ ಸಂಕೇತವನ್ನು ಈಗಿನ ಟಿವಿಗೆ ಹೊಂದಿಸಿಕೊಡುವ ಒಳ್ಳೆಯ ಸ್ಕೇಲರ್ ಇಡುವುದು ನಿಮ್ಮ ಪರಿಸ್ಥಿತಿಗೆ ನಾನು ಮೊದಲು ಸೂಚಿಸುವ ದಾರಿ. ರೆಟ್ರೊಟಿಂಕ್, ಒಎಸ್‌ಎಸ್‌ಸಿ ಎಂಬ ಹೆಸರಿನವು ಇದಕ್ಕೆಂದೇ ಮಾಡಿದವು. ಬಂದ ಸಂಕೇತ ಪೂರ್ಣ ಚಿತ್ರವೆಂದು ಅವು ಗುರುತಿಸುತ್ತವೆ, ಸೇರಿಸುವ ವಿಳಂಬ ಗಣನೆಗೆ ಬಾರದಷ್ಟು ಕಡಿಮೆ. ಹಳದಿ ಪಿನ್ನಿನ ಬದಲು, ಸಂಕೇತಗಳನ್ನು ಬೆರೆಸದೆ ಬೇರೆ ಬೇರೆ ತಂತಿಗಳಲ್ಲಿ ಕಳಿಸುವ ಎಸ್-ವಿಡಿಯೊ ಅಥವಾ ಆರ್‌ಜಿಬಿ ವೈರು ಬಳಸಿದರೆ ಚಿತ್ರ ಗುರುತು ಸಿಗದಷ್ಟು ಚೊಕ್ಕವಾಗುತ್ತದೆ. ಅಪಾಯ ಎರಡಿವೆ: 50 ಮತ್ತು 60 ಹರ್ಟ್ಸ್ ಮಾದರಿಗಳ ಆರ್‌ಜಿಬಿ ವೈರಿನ ಒಳಜೋಡಣೆ ಬೇರೆ ಬೇರೆ, ತಪ್ಪಿದರೆ ಚಿತ್ರ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ ಇಲ್ಲವೇ ಕಪ್ಪಿಡುತ್ತದೆ. ಮತ್ತು ‘ಎಚ್‌ಡಿಎಂಐ ವೈರು’ ಎಂದು ಮಾರುವ ಅಗ್ಗದ ಸಾಧನಗಳಲ್ಲಿ ಬಹುಪಾಲು ಅದೇ ಕಲಸಿದ ಸಂಕೇತವನ್ನೇ ಹಿಗ್ಗಿಸಿ ಕಳಿಸುತ್ತವೆ, ಟಿವಿ ಮಾಡುವ ತಪ್ಪನ್ನು ಇವು ಮೊದಲೇ ಮಾಡಿ ಮುಗಿಸುತ್ತವೆ.

ಟ್ಯೂಬ್ ಟಿವಿಯನ್ನೇ ಹುಡುಕುವುದು ಅತ್ಯಂತ ನಿಷ್ಠಾವಂತ ದಾರಿ. ಆದರೆ ಅವು ಭಾರ, ಹಳತು, ಹೊಸದಾಗಿ ಯಾರೂ ಮಾಡುವುದಿಲ್ಲ. ಒಳಗೆ 20 ಸಾವಿರ ವೋಲ್ಟ್‌ಗೂ ಮೇಲ್ಪಟ್ಟ ವಿದ್ಯುತ್ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಉಳಿದಿರುತ್ತದೆ. ಹಿಂಬದಿಯ ಮುಚ್ಚಳವನ್ನು ನೀವಾಗಲಿ, ಕುತೂಹಲದಿಂದ ಮಗನಾಗಲಿ ಎಂದೂ ಬಿಚ್ಚಕೂಡದು. ಕೊನೆಕಾಲದ 100 ಹರ್ಟ್ಸ್ ಮಾದರಿಗಳೂ ಚಿತ್ರವನ್ನು ಕೂಡಿಟ್ಟುಕೊಂಡು ತೋರಿಸುವವೇ ಆದ್ದರಿಂದ ಅವನ್ನು ಆರಿಸಿದರೆ ಪ್ರಯೋಜನವಿಲ್ಲ.

ನಿಂಟೆಂಡೊದ 2017ರ ಮಿನಿ ಕನ್ಸೋಲ್‌ನಲ್ಲಿ 21 ಆಟಗಳಿವೆ, ನಿಮ್ಮ ಮೂರೂ ಅದರಲ್ಲಿ ಸೇರಿವೆ, ಕಂಟ್ರೋಲರ್‌ನ ಹಿಡಿತವೂ ಹೆಚ್ಚುಕಡಿಮೆ ಹಾಗೆಯೇ ಇದೆ. ಅದರ ತಯಾರಿಕೆ ನಿಂತಿರುವುದರಿಂದ ನಕಲಿಗಳು ಬಹಳ. ನಿಂಟೆಂಡೊ ಸ್ವಿಚ್ ಇದ್ದರೆ 2019ರಿಂದ ಚಂದಾ ಸೇವೆಯಲ್ಲಿ ಈ ಆಟಗಳು ಸಿಗುತ್ತವೆ, ಚಂದಾ ನಿಂತರೆ ಆಟವೂ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೆಯ ಕನ್ಸೋಲ್‌ನಂತೆ ವರ್ತಿಸುವ ತಂತ್ರಾಂಶ) ಬಳಸುವುದೇ ಅಪರಾಧ ಎಂಬ ಮಾತು ತಪ್ಪು. 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಎಮ್ಯುಲೇಟರ್ ತಯಾರಕರ ಪರವಾಗಿಯೇ ತೀರ್ಪಿತ್ತಿತು. ಆಟದ ಪ್ರತಿಯನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವುದು ಮಾತ್ರ ಕೃತಿಸ್ವಾಮ್ಯದ ಉಲ್ಲಂಘನೆ; ಸ್ವಂತ ಕಾರ್ಟ್ರಿಜ್‌ನಿಂದ ತೆಗೆದುಕೊಳ್ಳುವ ಬಗ್ಗೆ ಒಂದೊಂದು ದೇಶದ ಕಾನೂನು ಒಂದೊಂದು ರೀತಿ. ಇನ್ನು ಮಾರಾಟ. ಹಣದ ಅಗತ್ಯವಿಲ್ಲದಿದ್ದರೆ ಅಣ್ಣ ಬಂದು ಹೋಗುವವರೆಗೆ ತಡೆಯಿರಿ. ಮಾರುವುದೇ ಆದರೆ ಹಳದಿ ಬಣ್ಣ ತೆಗೆಸುವುದು, ಒಳಗೆ ಮಾರ್ಪಾಡು ಮಾಡಿಸುವುದು ಬೇಡ, ಸಂಗ್ರಾಹಕರು ಮುಟ್ಟದಿದ್ದುದನ್ನೇ ಬಯಸುತ್ತಾರೆ.

ಕೊನೆಯದಾಗಿ ಸೇವ್‌ಗಳು, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದಿರಿ ಎಂಬ ದಾಖಲೆಗಳು; ಕಾಲದ ಒತ್ತಡ ಇರುವುದು ಇಲ್ಲೇ. ಆ ಕಾಲದ ಕಾರ್ಟ್ರಿಜ್‌ಗಳಲ್ಲಿ ಸೇವ್ ಒಂದು ಪುಟ್ಟ ಸ್ಮೃತಿ ಚಿಪ್‌ನಲ್ಲಿರುತ್ತದೆ, ಯಂತ್ರ ಆರಿರುವಾಗ ಅದನ್ನು ಬದುಕಿಸಿಡುವುದು 3 ವೋಲ್ಟಿನ ಒಂದು ನಾಣ್ಯ ಬ್ಯಾಟರಿ. ಮಾರಿಯೊ ವರ್ಲ್ಡ್‌ನ ಬ್ಯಾಟರಿ ಸತ್ತಿದೆ, ಆ 96 ಮರಳುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದರೆ ಹೊಸ ಸೇವ್ ಉಳಿಯುತ್ತದೆ ಅಷ್ಟೆ. ಆದರೆ ಒಂದೊಂದು ಕಾರ್ಟ್ರಿಜ್ ಬ್ಯಾಟರಿಯನ್ನು ಬಳಸುವ ವೇಗ ಒಂದೊಂದು ರೀತಿ, ಮೂವತ್ತು ವರ್ಷ ದಾಟಿಯೂ ಜೀವ ಹಿಡಿದಿರುವವನ್ನು ನಾನು ಕಂಡಿದ್ದೇನೆ. ಜೆಲ್ಡಾದಲ್ಲಿ ಅಣ್ಣ ಟೈಪಿಸಿದ ಹೆಸರು, ಮಾರಿಯೊ ಕಾರ್ಟ್‌ನಲ್ಲಿ ನಿಮ್ಮಿಬ್ಬರ ಅತಿವೇಗದ ಸುತ್ತುಗಳ ಸಮಯ ಇನ್ನೂ ಇರಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಕಾರ್ಟ್ರಿಜ್‌ನ ಬ್ಯಾಟರಿಯನ್ನು, ಒಳಗೆ ಏನಿದೆ ಎಂದು ಕೇಳದೆಯೇ ಕಿತ್ತುಬಿಟ್ಟಿದ್ದೆ. ತೀರಿಹೋದ ಅವರ ತಮ್ಮನ ಸೇವ್ ಅದರಲ್ಲಿತ್ತು. ಆ ದಿನದಿಂದ ಬೆಸುಗೆ ಕಡ್ಡಿ ಕಾಯಿಸುವ ಮೊದಲು ಕೇಳುವ ಪ್ರಶ್ನೆ ಇದೊಂದೇ.

ಆದ್ದರಿಂದ ಆ ಎರಡನ್ನೂ ಈಗಿರುವಂತೆ ಕನ್ಸೋಲ್‌ಗೆ ಹಾಕಬೇಡಿ. ಹಾಕಿದೊಡನೆ ಸೇವ್ ಅಳಿಯುತ್ತದೆಂದಲ್ಲ. ಕೊಳೆಯಾದ ಹಲ್ಲುಗಳಲ್ಲಿ ಸಂಪರ್ಕ ತಪ್ಪಿ ಕೂಡಿ ಆಗುವಾಗ ತಪ್ಪು ಮಾಹಿತಿ ಬರೆದುಹೋಗುವ ಸಾಧ್ಯತೆ ಇದೆ. ಮೊದಲು ಆಲ್ಕೊಹಾಲ್‌ನಿಂದ ಒರೆಸಿ, ಆಮೇಲೆ ಕಾರ್ಟ್ರಿಜ್ ರೀಡರ್ ಇಟ್ಟಿರುವ ರಿಪೇರಿಯವರ ಬಳಿ ಒಯ್ದು ಸೇವ್‌ನ ಪ್ರತಿಯನ್ನು ಕಂಪ್ಯೂಟರಿಗೆ ತೆಗೆಸಿಕೊಳ್ಳಿ, ಕೆಲವೇ ನಿಮಿಷಗಳ ಕೆಲಸ. ಪ್ರತಿ ಕೈಗೆ ಬಂದ ಮೇಲಷ್ಟೇ ಬ್ಯಾಟರಿ ಬದಲಾಗಲಿ. ಬೆಸುಗೆಗೆ ಕಿವಿಗಳಿರುವ ಬ್ಯಾಟರಿಯನ್ನೇ ಹಾಕಿಸಿ, ಬರಿಯ ನಾಣ್ಯ ಬ್ಯಾಟರಿಗೆ ನೇರವಾಗಿ ಕಾದ ಕಡ್ಡಿ ತಾಗಿಸಿದರೆ ಅದು ಸಿಡಿಯಬಹುದು. ಆಮೇಲೆ ಅದೇ ರೀಡರ್‌ನಿಂದ ಹಳೆಯ ಸೇವ್ ಅನ್ನು ಕಾರ್ಟ್ರಿಜ್‌ಗೆ ಮರಳಿ ಬರೆಸಿ. ಯಂತ್ರ ಚಾಲೂ ಇಟ್ಟುಕೊಂಡೇ ಬ್ಯಾಟರಿ ಬದಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಕೈ ಒಮ್ಮೆ ಜಾರಿದರೆ ಸೇವ್ ಜೊತೆಗೆ ಚಿಪ್ ಕೂಡ ಹೋಗುತ್ತದೆ. ಮೂರು ತಿಂಗಳು ಇದಕ್ಕೆಲ್ಲ ಧಾರಾಳವಾಯಿತು, ಆದರೆ ಬ್ಯಾಟರಿಗೆ ನಿಮ್ಮ ಅಣ್ಣನ ಪ್ರಯಾಣದ ದಿನಾಂಕ ಗೊತ್ತಿಲ್ಲ. ಕಾರ್ಟ್ರಿಜ್‌ಗಳನ್ನು ಈ ವಾರವೇ ಒಯ್ಯಿರಿ, ಸ್ಕೇಲರ್ ಆಮೇಲೆ ಕೊಂಡರಾಯಿತು.